ಇಪ್ಪತ್ಮೂರನೇ ರಸ್ತೆ

ಫೆಬ್ರುವರಿ 12

ಕುಳ್ಳಿ,

ಫೋನ್ ಮಾಡಿದ್ದೆಯಂತೆ, ನಿನ್ನ ಅತ್ತಿಗೆ ಹೇಳಿದಳು. ಮೂವತ್ತು ವರ್ಷ ಟ್ರಾಕ್ಟರಿನ ಸದ್ದು ಕೇಳಿ ಕೇಳಿ ಹಾಳಾದ ಕಿವಿ ನನ್ನದು. ಫೋನಿನಲ್ಲಿ ನೀನು ಏನು ಹೇಳಿದರೂ ಡಬ್ಬಿಯೊಳಗೆ ಸಿಕ್ಕಿಕೊಂಡ ನೊಣದ ಹಾಗೆ ಗುಂಯ್ ಅನ್ನುತ್ತದೆ. ಹೇಳುವುದಿದ್ದರೆ ಕಾಗದ ಬರೆ. ಕಾಗದದಲ್ಲಿ ಯಾರೂ ಕಿರುಚಬೇಕಾಗಿಲ್ಲ.

ನಿಮ್ಮ ಕಚೇರಿಯವರು ಬಂದು ಹೋದರು. ಹೊಲಗಳಿಗೆ ಹೋಗುವ ರಸ್ತೆಗಳನ್ನು ಸರಿಮಾಡಲು ಸರ್ಕಾರ ಹಣ ಕೊಡುತ್ತಿದೆ, ಬೆಳೆ ಮತ್ತು ಹಾಲು ಹೆಚ್ಚು ಸಾಗುವ ರಸ್ತೆಗೆ ಮೊದಲ ಪಾಲು ಎನ್ನುವುದು ಈಗ ಇಲ್ಲಿನ ಕೋಳಿಗಳಿಗೂ ಗೊತ್ತು. ನಮ್ಮ ರಸ್ತೆ ಮುಖ್ಯರಸ್ತೆ ಸೇರುವ ತಿರುವಿನಲ್ಲಿ ಇಬ್ಬರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಏಳು ದಿನ ಕೂತಿದ್ದರು. ಟ್ರಾಕ್ಟರ್ ಹೋದರೆ ಒಂದು ಗೆರೆ, ಹಾಲಿನ ಲಾರಿ ಹೋದರೆ ಒಂದು ಗೆರೆ. ಅತ್ತಿಗೆ ಅವರಿಗೆ ಚಹಾ ಕೊಡಲು ಹೊರಟಾಗ ನಾನು ತಡೆದೆ. "ಬರೀ ಚಹಾ ಕೊಡು, ಬಿಸ್ಕತ್ತು ಕೊಡಬೇಡ. ಆಮೇಲೆ ಲಂಚ ಅಂತಾರೆ" ಅಂದೆ. ಅವಳು ನಕ್ಕಳು. ನಾನು ನಗಲಿಲ್ಲ.

ರಸ್ತೆ ಹೇಗಿದೆ ಎಂದು ನಿನಗೆ ಹೇಳಬೇಕೆ? ಮೋರಿಯ ಹತ್ತಿರದ ತಗ್ಗು ಇನ್ನೂ ಆಳವಾಗಿದೆ. ಟ್ರಾಲಿ ಅಲ್ಲಿ ಎಗರಿದಾಗಲೆಲ್ಲ ಎರಡು ಮೂರು ಎಲೆಕೋಸು ಉರುಳಿ ಬೀಳುತ್ತವೆ. ಕೋಸು ಬೆಳೆಯದ ಮನೆಗಳಲ್ಲೂ ಈ ವರ್ಷ ಕೋಸಿಗೆ ಬರವಿಲ್ಲ.

ಸಿಳ್ಳೆ ನಿನ್ನನ್ನು ಕೇಳಿದ. ಹಾಲಿನ ಲಾರಿಯ ಡ್ರೈವರ್, ನೆನಪಿದೆಯಲ್ಲ? ಹಾರ್ನ್ ಕೆಟ್ಟಾಗಿನಿಂದ ತಿರುವಿನಲ್ಲಿ ಬಾಯಿಂದಲೇ ಸಿಳ್ಳೆ ಹಾಕುತ್ತಾನಲ್ಲ, ಅವನೇ. "ಎಂಜಿನಿಯರಮ್ಮ ನಮ್ಮ ರಸ್ತೆ ಮರೀದೇ ಇದ್ರೆ ಸಾಕು" ಅಂದ. ಅವಳನ್ನು ಯಾರೂ ಏನೂ ಕೇಳಕೂಡದು ಎಂದು ಗದರಿದೆ. ನಾನೂ ಕೇಳುವುದಿಲ್ಲ. ಈ ಕಾಗದದಲ್ಲಿ ನಾನು ಏನಾದರೂ ಕೇಳಿದ ಹಾಗೆ ಕಂಡರೆ ಆ ಸಾಲು ಹೊಡೆದುಹಾಕು.

ನಿನ್ನ ಅಣ್ಣ

ಫೆಬ್ರುವರಿ 27

ಅಣ್ಣನಿಗೆ,

ನಿನ್ನ ಕಾಗದ ತಲುಪಿತು. ಎಣಿಕೆಯ ಹಾಳೆಗಳು ಕಚೇರಿಗೆ ಬಂದಿವೆ. ಒಟ್ಟು ನಲವತ್ತು ರಸ್ತೆಗಳಿವೆ, ಇಪ್ಪತ್ತೆರಡಕ್ಕೆ ಮಾತ್ರ ಹಣ. ಲೆಕ್ಕದ ಪಟ್ಟಿ ತಯಾರಿಸುವ ಕೆಲಸ ನನಗೇ ಬಂದಿದೆ. ಪ್ರಕಟವಾಗುವವರೆಗೆ ಅದರ ಬಗ್ಗೆ ನಾನು ಏನೂ ಹೇಳುವಂತಿಲ್ಲ. ನೀನು ಕೇಳಿಲ್ಲ, ಗೊತ್ತು. ಆದರೂ ಹೇಳಿಬಿಡುತ್ತಿದ್ದೇನೆ.

ಇಲ್ಲಿ ಕೆಲಸ ಬಹಳ. ಊಟದ ಮನೆಯಲ್ಲಿ ಕೂತರೂ ಪಕ್ಕದವರು ರಸ್ತೆಯ ಮಾತನ್ನೇ ಎತ್ತುತ್ತಾರೆ. ಅತ್ತಿಗೆಯ ಮಂಡಿನೋವು ಹೇಗಿದೆ ಎಂದು ಬರೆ.

ಇಂತಿ,
ತಂಗಿ

ಏಪ್ರಿಲ್ 9

ಕುಳ್ಳಿ,

ಪಟ್ಟಿ ಬಂತು. ಪಂಚಾಯಿತಿಯ ಬಾಗಿಲಿಗೆ ಅಂಟಿಸಿದ್ದಾರೆ. ನಮ್ಮದು ಇಪ್ಪತ್ಮೂರನೆಯದು. ಇಪ್ಪತ್ತೆರಡರ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ಗೆರೆಯ ಕೆಳಗೆ ಮೊದಲು ನಾವೇ. ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ, ಗೆರೆ ಅಲ್ಲೇ ಇತ್ತು.

ಜನ ಸುಮ್ಮನಿರುತ್ತಾರೆಯೇ? ಹಾಲಿನ ಸಂಘದ ಮುಂದೆ ಕೋಳಿ ಫಾರಂ ಯಜಮಾನ ಎಲ್ಲರಿಗೂ ಕೇಳುವ ಹಾಗೆ ಅಂದ: "ಒಡಹುಟ್ಟಿದ ತಂಗಿ ಎಂಜಿನಿಯರ್ ಆಗಿದ್ದೂ ಒಂದು ರಸ್ತೆ ತರೋಕಾಗ್ಲಿಲ್ಲ ಇವರ ಕೈಲಿ." ನನ್ನ ಕಿವಿಗೆ ಇಂಥದ್ದು ಮಾತ್ರ ಚೆನ್ನಾಗಿ ಕೇಳಿಸುತ್ತದೆ. ನಾನೂ ಬಿಡಲಿಲ್ಲ. "ನನ್ನ ತಂಗಿ ನೆಟ್ಟಗೆ ಲೆಕ್ಕ ಹಾಕಿದ್ದಾಳೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇನಯ್ಯಾ? ಮೋಸ ಮಾಡೋಳಾಗಿದ್ರೆ ನಮ್ಮ ರಸ್ತೆ ಮೊದಲನೇದಾಗ್ತಿತ್ತು" ಅಂದೆ. ಅವನ ಬಾಯಿ ಮುಚ್ಚಿತು.

ಬೇಜಾರಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಮನೆಗೆ ಬರುವಾಗ ಎದೆ ಉಬ್ಬಿಸಿಕೊಂಡೇ ಬಂದೆ. ನಿನ್ನನ್ನು ಓದಿಸುವಾಗ ನಾಲ್ಕು ಜನ ನಾಲ್ಕು ಥರ ಅಂದಿದ್ದರು. ಈವತ್ತು ಅವರೆಲ್ಲರಿಗೂ ಉತ್ತರ ಸಿಕ್ಕಿತು.

ಒಂದು ಸಾಲಾದರೂ ಬರೆ.

ನಿನ್ನ ಅಣ್ಣ

ಏಪ್ರಿಲ್ 21

ಅಣ್ಣನಿಗೆ,

ಪಟ್ಟಿಯ ವಿಷಯ ನನಗೂ ಬೇಸರ ತಂದಿದೆ. ಮುಂದಿನ ವರ್ಷ ಮತ್ತೆ ಎಣಿಕೆ ನಡೆಯುತ್ತದೆ. ಆಗ ಆಗಬಹುದು.

ಸಂಘದ ಮುಂದೆ ನನ್ನ ಪರವಾಗಿ ಇನ್ನು ಮಾತಾಡಬೇಡ. ಜನ ಏನಾದರೂ ಅಂದುಕೊಳ್ಳಲಿ.

ಅತ್ತಿಗೆಗೆ ಉಣ್ಣೆಯ ಶಾಲು ಕಳಿಸಿದ್ದೇನೆ. ನಿನಗೆ ಒಂದು ಜೊತೆ ಚಪ್ಪಲಿ. ಅಳತೆ ಸರಿಹೋಗದಿದ್ದರೆ ತಿಳಿಸು, ಬದಲಾಯಿಸಿ ಕಳಿಸುತ್ತೇನೆ.

ತಂಗಿ

ಜೂನ್ 30

ಕುಳ್ಳಿ,

ಕೆಟ್ಟ ಸುದ್ದಿ. ಕೂತುಕೊಂಡು ಓದು.

ಹೋದ ಮಂಗಳವಾರ ಬೆಳಿಗ್ಗೆ ಸಿಳ್ಳೆಯ ಲಾರಿ ಮೋರಿಯ ಹತ್ತಿರ ಮಗುಚಿತು. ಮೂರು ದಿನದಿಂದ ಮಳೆ ಹಿಡಿದಿತ್ತು. ತಗ್ಗಿನಲ್ಲಿ ನೀರು ನಿಂತು ರಸ್ತೆ ಯಾವುದು, ಅಂಚು ಯಾವುದು ತಿಳಿಯುತ್ತಿರಲಿಲ್ಲ. ಹಾಲಿನ ಕ್ಯಾನುಗಳೆಲ್ಲ ಚರಂಡಿಗೆ ಉರುಳಿ ಮಳೆನೀರು ಬೆಳ್ಳಗಾಗಿತ್ತು. ಅವನು ಬಾಗಿಲಿನಿಂದ ಹೊರಗೆ ಹಾರಲು ನೋಡಿದ್ದಾನೆ, ಬಲಗಾಲು ಕೆಳಗೆ ಸಿಕ್ಕಿಕೊಂಡಿತು. ಟ್ರಾಕ್ಟರಿಗೆ ಹಗ್ಗ ಕಟ್ಟಿ, ಎಂಟು ಜನ ಸೇರಿ ಲಾರಿ ಎತ್ತಿದೆವು. ಅಷ್ಟರಲ್ಲೂ ಅವನಿಗೆ ಎಚ್ಚರವಿತ್ತು. "ಹಾಲು ಎಷ್ಟು ಹೋಯ್ತು?" ಅಂತ ಕೇಳುತ್ತಿದ್ದ.

ಆಂಬುಲೆನ್ಸ್ ಮುಖ್ಯರಸ್ತೆಯವರೆಗೆ ಬಂದು ನಿಂತಿತು. ಒಳಗೆ ಬಂದರೆ ಚಕ್ರ ಹೂತುಹೋಗುತ್ತದೆ ಎಂದರು. ತಪ್ಪು ಹೇಳಲಿಲ್ಲ ಅವರು. ನನ್ನ ಟ್ರಾಲಿಯಲ್ಲಿ ಹುಲ್ಲು ಹಾಕಿ ಅವನನ್ನು ಮಲಗಿಸಿದೆವು. ಮೂರೂವರೆ ಕಿಲೋಮೀಟರ್ ರಸ್ತೆ, ನಾನೇ ಓಡಿಸಿದೆ. ಜೋರಾಗಿ ಹೋದರೆ ಅವನು ಕೂಗುತ್ತಿದ್ದ, ನಿಧಾನವಾಗಿ ಹೋದರೆ ಹಿಂದಿನಿಂದ ಅವನ ಹೆಂಡತಿ ಕೂಗುತ್ತಿದ್ದಳು. ಐವತ್ತು ನಿಮಿಷ ಹಿಡಿಯಿತು. ಈ ಕಿವಿ ಪೂರ್ತಿ ಹೋಗಬಾರದಿತ್ತೇ ಅನ್ನಿಸಿತು.

ಆಸ್ಪತ್ರೆಯಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಇನ್ನೂ ಬೇಗ ಬಂದಿದ್ದರೆ ಉಳಿಯುತ್ತಿತ್ತೋ ಏನೋ, ಹೇಳಲಾಗುವುದಿಲ್ಲ ಎಂದರು ಡಾಕ್ಟರು.

ಡೇರಿಯವರು ಇನ್ನು ಈ ರಸ್ತೆಗೆ ಲಾರಿ ಕಳಿಸುವುದಿಲ್ಲವಂತೆ. ಎಲ್ಲರ ಹಾಲನ್ನೂ ಈಗ ನಾನೇ ಟ್ರಾಕ್ಟರಿನಲ್ಲಿ ಮುಖ್ಯರಸ್ತೆಗೆ ಮುಟ್ಟಿಸುತ್ತಿದ್ದೇನೆ.

ಮೊನ್ನೆ ಮತ್ತೆ ನಿನ್ನ ಪಾರ್ಸೆಲ್ ಬಂತು. ಈ ಸಲ ಗೋಡೆ ಗಡಿಯಾರ. ಮನೆಯಲ್ಲಿ ಗಡಿಯಾರ ಇದೆಯಲ್ಲೇ, ಸರಿಯಾಗೇ ಓಡುತ್ತಿದೆ. ಶಾಲು, ಚಪ್ಪಲಿ, ಪಾತ್ರೆ, ಗಡಿಯಾರ. ನಿನಗೇನಾಗಿದೆ?

ಅಣ್ಣ

ಜುಲೈ 8

ಅಣ್ಣಾ,

ಈ ಕಾಗದವನ್ನು ಅತ್ತಿಗೆಯ ಎದುರಿಗೆ ಓದಬೇಡ. ಮೊದಲು ನೀನೊಬ್ಬನೇ ಓದು.

ನಮ್ಮ ರಸ್ತೆ ಇಪ್ಪತ್ಮೂರನೆಯದಾದದ್ದು ನನ್ನಿಂದ.

ಎಣಿಕೆಯ ಹಾಳೆಯಲ್ಲಿ ಆರನೇ ಕಲಂ ಒಂದಿದೆ. 'ಎಣಿಕೆಯ ವಾರ ಕಟಾವಿನ ಕಾಲವೇ? ಅಲ್ಲದಿದ್ದರೆ ಬಂದ ಸಂಖ್ಯೆಗೆ ಅರ್ಧ ಸೇರಿಸಿ.' ಅಷ್ಟೇ. ಕಟಾವು ಇಲ್ಲದ ವಾರದಲ್ಲಿ ರಸ್ತೆ ಬಿಕೋ ಅನ್ನುತ್ತದೆ, ಅದರಿಂದ ಯಾವ ಊರಿಗೂ ಅನ್ಯಾಯ ಆಗಬಾರದೆಂದು ಇಟ್ಟ ನಿಯಮ ಅದು. ಉಳಿದ ಮೂವತ್ತೊಂಬತ್ತು ರಸ್ತೆಗಳಿಗೂ ನಾನು ಅದನ್ನು ತುಂಬಿದೆ. ಗೊತ್ತಿಲ್ಲದ ಊರುಗಳಿಗೆ ಫೋನ್ ಮಾಡಿ ಅಲ್ಲಿ ಏನು ಬೆಳೆಯುತ್ತಾರೆ, ಯಾವಾಗ ಕೊಯ್ಯುತ್ತಾರೆ ಎಂದು ಕೇಳಿ ಕೇಳಿ ತುಂಬಿದೆ. ನಮ್ಮ ಊರಿನ ಮುಖ್ಯ ಬೆಳೆ ಆಲೂಗಡ್ಡೆ, ಅದನ್ನು ಕೀಳುವುದು ಮಾರ್ಚಿನಲ್ಲಿ, ಫೆಬ್ರುವರಿಯಲ್ಲಿ ಅಲ್ಲ ಎಂದು ಆ ಕಚೇರಿಯಲ್ಲಿ ಯಾರನ್ನೂ ಕೇಳದೆ ಗೊತ್ತಿದ್ದವಳು ನಾನೊಬ್ಬಳೇ. ಅದೊಂದು ಹಾಳೆಯಲ್ಲಿ ಆರನೇ ಕಲಂ ಖಾಲಿ ಬಿಟ್ಟೆ.

ಏಕೆ ಎಂದು ಕೇಳುತ್ತೀಯ. ಹಿಂದಿನ ದಿನ ಊಟದ ಮನೆಯಲ್ಲಿ ನಕ್ಷೆ ಬರೆಯುವವರು ಎಲ್ಲರೆದುರು ಅಂದರು: "ಮೇಡಂ ತವರಿನ ರಸ್ತೆ ಈ ಸಲ ಕನ್ನಡಿ ಆಗತ್ತೆ ಬಿಡಿ, ಮುಖ ನೋಡ್ಕೋಬಹುದು." ಎಲ್ಲರೂ ನಕ್ಕರು. ನಾನೂ ನಕ್ಕೆ. ಇದೊಂದು ಹಾಳೆಯನ್ನು ಬೇರೆಯವರಿಗೆ ಕೊಡಿ ಎಂದು ಸಾಹೇಬರನ್ನು ಕೇಳಬಹುದಿತ್ತು. ಕೇಳಿದರೆ ನನ್ನ ಮೇಲೆ ನನಗೇ ನಂಬಿಕೆಯಿಲ್ಲ ಎಂದು ಒಪ್ಪಿಕೊಂಡಂತಾಗುತ್ತದೆ ಅನ್ನಿಸಿತು. ಖಾಲಿ ಬಿಡುವುದೇನೂ ಸುಳ್ಳು ಹೇಳಿದಂತಲ್ಲವಲ್ಲ ಅಂದುಕೊಂಡೆ. ಇನ್ನೊಂದು ವಿಷಯವನ್ನೂ ಬರೆದುಬಿಡುತ್ತೇನೆ, ನಾಳೆಗೆ ಧೈರ್ಯ ಉಳಿಯುವುದಿಲ್ಲ. ಆ ಹಾಳೆ ಮಗುಚಿ ಮುಂದಿನದಕ್ಕೆ ಹೋದಾಗ ನನಗೆ ಹೆಮ್ಮೆ ಆಯಿತು ಅಣ್ಣಾ. ಎಂಥ ನಿಷ್ಠೆಯವಳು ನಾನು ಅನ್ನಿಸಿತು.

ನಮಗೆ ಬಂದದ್ದು ನೂರ ಎಂಬತ್ತಾರು. ಅರ್ಧ ಸೇರಿಸಿದ್ದರೆ ಇನ್ನೂರ ಎಪ್ಪತ್ತೊಂಬತ್ತು. ಒಂಬತ್ತನೇ ಸ್ಥಾನ. ಮೇ ತಿಂಗಳಲ್ಲಿ ಕೆಲಸ ಶುರುವಾಗುತ್ತಿತ್ತು, ಆ ಮೋರಿಯನ್ನೇ ಮೊದಲು ಮುಗಿಸುತ್ತಿದ್ದರು.

ನೀನು ಸಂಘದ ಮುಂದೆ ಎದೆ ತಟ್ಟಿಕೊಂಡದ್ದನ್ನು ಬರೆದ ಕಾಗದ ನನ್ನ ಮೇಜಿನ ಖಾನೆಯಲ್ಲಿದೆ. ಆ ಖಾನೆಯನ್ನು ನಾನು ತೆಗೆಯುವುದೇ ಇಲ್ಲ, ಪೆನ್ನು ಬೇಕಾದರೂ ಪಕ್ಕದವರನ್ನು ಕೇಳುತ್ತೇನೆ. ಆಗಲೇ ಹೇಳಬೇಕಿತ್ತು. ಆಗ ಹೇಳಿದ್ದರೆ ಪಟ್ಟಿ ತಿದ್ದಲು ಇನ್ನೂ ಸಮಯವಿತ್ತು. ಹೇಳುವ ಬದಲು ಶಾಲು ಕಳಿಸಿದೆ.

ನಿನ್ನ
ಕುಳ್ಳಿ

ಆಗಸ್ಟ್ 5

ಅಣ್ಣಾ,

ನಾಲ್ಕು ವಾರ ಆಯಿತು. ನೀನು ಬರೆದಿಲ್ಲ. ಅತ್ತಿಗೆಗೆ ಫೋನ್ ಮಾಡಿದರೆ, "ಅವರು ಹಾಲು ತಗೊಂಡು ಹೋಗಿದ್ದಾರೆ ಕಣೇ" ಎನ್ನುತ್ತಾರೆ. ಮಧ್ಯಾಹ್ನ ಎರಡಕ್ಕೂ ಹಾಲು, ಸಂಜೆ ಏಳಕ್ಕೂ ಹಾಲು. ಅತ್ತಿಗೆಗೆ ಸುಳ್ಳು ಹೇಳಲು ಬರುವುದಿಲ್ಲ, ಅವರಿಂದ ಹೇಳಿಸಬೇಡ.

ನಾನು ಮಾಡಿದ್ದನ್ನು ಬರೆದು ಸಹಿ ಹಾಕಿ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಓದಿ ಕನ್ನಡಕ ತೆಗೆದರು. "ಹಣ ತಿಂದವರನ್ನ ನೋಡಿದೀನಿ, ಹಣ ತಿನ್ನಲಿಲ್ಲ ಅಂತ ತೋರಿಸೋಕೆ ಸ್ವಂತ ಊರಿನ ಹೊಟ್ಟೆ ಮೇಲೆ ಹೊಡೆದವರನ್ನ ಇದೇ ಮೊದಲು ನೋಡ್ತಿರೋದು" ಅಂದರು. ಆಮೇಲೆ, "ಇದನ್ನ ಕೊಡಲೇಬೇಕಾ? ಯಾರೂ ಕೇಳ್ತಿಲ್ಲವಲ್ಲ" ಅಂದರು. ಕೊಡಲೇಬೇಕು ಅಂದೆ.

ವಿಚಾರಣೆ ಮುಗಿಯುವವರೆಗೆ ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದ್ದಾರೆ. ಇಡೀ ದಿನ ಧೂಳು ಹೊಡೆಯುವ ಕೆಲಸ. ಈ ವರ್ಷದ ಹಣ ಹಂಚಿ ಆಗಿದೆ, ತಿದ್ದಲು ಬರುವುದಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ಎಣಿಕೆಯಿಲ್ಲದೆ ನಮ್ಮ ರಸ್ತೆಯನ್ನು ಮೊದಲು ಸೇರಿಸುವುದಾಗಿ ಬರೆದುಕೊಟ್ಟಿದ್ದಾರೆ. ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ, ಪಂಚಾಯಿತಿಗೆ ಕೊಡು.

ಸಿಳ್ಳೆಗೆ ಯಾರು ಹೇಳುವುದು? ನಾನು ಅವನಿಗೆ ಕಾಗದ ಬರೆಯಲು ಮೂರು ಸಲ ಕೂತೆ. 'ನಿಮ್ಮ ಆರೋಗ್ಯ ಹೇಗಿದೆ' ಎನ್ನುವುದರ ಮುಂದಕ್ಕೆ ಹೋಗಲು ಆಗಲಿಲ್ಲ. ನೀನೇ ಹೇಳಿಬಿಡು ಅಣ್ಣಾ. ಬೈಯುವುದಿದ್ದರೆ ಬೈದು ಬರೆ, ಬೈಗುಳವಾದರೂ ನಿನ್ನ ಅಕ್ಷರದಲ್ಲಿ ಬರಲಿ.

ಕುಳ್ಳಿ

ಸೆಪ್ಟೆಂಬರ್ 3

ಕುಳ್ಳಿ,

ನಿನಗೆ ಬೈದು ನಾಲ್ಕು ಕಾಗದ ಬರೆದೆ. ಬರೆದು ಹರಿದೆ. ಒಂದರಲ್ಲಿ ನಿನ್ನನ್ನು ಓದಿಸಬಾರದಿತ್ತು ಎಂದೂ ಬರೆದಿದ್ದೆ. ಹರಿದಿದ್ದೇನೆ, ಆದರೆ ಬರೆದಿದ್ದೆ ಎನ್ನುವುದು ನಿನಗೆ ಗೊತ್ತಿರಲಿ. ನೀನು ಎಲ್ಲವನ್ನೂ ಹೇಳಿರುವಾಗ ನಾನು ಅಷ್ಟು ಹೇಳದಿದ್ದರೆ ಹೇಗೆ?

ನಿನ್ನ ಎರಡನೇ ಕಾಗದ ಬಂದ ಮೇಲೆ ಸಿಳ್ಳೆಯ ಮನೆಗೆ ಹೋದೆ. ನಿನ್ನ ಎರಡೂ ಕಾಗದ ಜೇಬಿನಲ್ಲಿಟ್ಟುಕೊಂಡಿದ್ದೆ. ಅವನು ಅಂಗಳದಲ್ಲಿ ಕೂತು ಊರುಗೋಲಿಗೆ ರಬ್ಬರ್ ಸುತ್ತುತ್ತಿದ್ದ. ಕೂತೆ. ನೀನು ಮಾಡಿದ್ದನ್ನು ಹೇಳಿದೆ. ಆರನೇ ಕಲಂ, ನೂರ ಎಂಬತ್ತಾರು, ಒಂಬತ್ತನೇ ಸ್ಥಾನ, ಒಂದನ್ನೂ ಬಿಡಲಿಲ್ಲ. ನಿನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದ್ದನ್ನೂ ಹೇಳಿದೆ, ಅವನಿಗೆ ಸ್ವಲ್ಪ ಸಮಾಧಾನ ಆಗಬಹುದು ಎಂದು. ಅವನು ರಬ್ಬರ್ ಸುತ್ತುವುದನ್ನು ನಿಲ್ಲಿಸಲಿಲ್ಲ. ಗಂಟು ಹಾಕಿದ ಮೇಲೆ ತಲೆ ಎತ್ತಿ ಕೇಳಿದ:

"ಸರಿ ಅಣ್ಣ. ಆ ವಾರ ನಾನು ದಿನಕ್ಕೆ ಒಂದೇ ಸಲ ಬಂದೆನಲ್ಲ, ಅದು ಯಾರ ತಪ್ಪು?"

ನಿನಗೆ ಇದು ಅರ್ಥವಾಗುವುದಿಲ್ಲ, ಏಕೆಂದರೆ ನಾನು ನಿನಗೆ ಹೇಳಿಲ್ಲ. ಊರಿಗೆಲ್ಲ ಗೊತ್ತು, ಬಾಯಿಬಿಟ್ಟು ಯಾರೂ ಆಡುವುದಿಲ್ಲ. ಎಣಿಸುವವರು ಬರುವ ಹಿಂದಿನ ಸಂಜೆ ನಾನು ಮನೆ ಮನೆಗೆ ಹೋದೆ. ಬೇರೆ ಊರುಗಳಲ್ಲಿ ಖಾಲಿ ಟ್ರಾಕ್ಟರುಗಳನ್ನು ಸುತ್ತು ಹೊಡೆಸಿ ಗೆರೆ ಹೆಚ್ಚಿಸಿಕೊಳ್ಳುತ್ತಿದ್ದಾರೆ ಎಂದು ಸುದ್ದಿ ಬಂದಿತ್ತು. "ನಮ್ಮಲ್ಲಿ ಅದೆಲ್ಲ ಬೇಡ. ಲೆಕ್ಕ ನನ್ನ ತಂಗಿ ಕಚೇರಿಗೆ ಹೋಗತ್ತೆ, ಅವಳ ಮುಖಕ್ಕೆ ಮಸಿ ಬಳೀಬೇಡಿ" ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. "ಆದಷ್ಟು ಈ ವಾರ ಗಾಡಿ ಹೊರಗೆ ತೆಗೀಬೇಡಿ" ಎಂದೂ ಸೇರಿಸಿದೆ. ಜನ ನನ್ನ ಮಾತಿಗೆ ಬೆಲೆ ಕೊಟ್ಟರು. ಗೊಬ್ಬರದ ಟ್ರಾಲಿಗಳು ಹಿತ್ತಿಲಲ್ಲೇ ನಿಂತವು. ನನ್ನ ಎರಡು ಲೋಡು ಕೋಸನ್ನು ನಾನು ಕಾಲುವೆ ಏರಿಯ ಮೇಲೆ ತಳ್ಳುಗಾಡಿಯಲ್ಲಿ ಸಾಗಿಸಿದೆ, ಎಣಿಸುವವರ ಕಣ್ಣಿಗೆ ಬೀಳದ ಹಾಗೆ. ಕಳ್ಳಮಾಲು ಸಾಗಿಸುವವನ ಹಾಗೆ ನನ್ನದೇ ಕೋಸನ್ನು ಸಾಗಿಸಿದೆ. ಸಿಳ್ಳೆಗೆ ಸಂಜೆಯ ಹಾಲನ್ನು ಮರುದಿನ ಬೆಳಗಿನದರ ಜೊತೆ ಸೇರಿಸಿ ಒಯ್ಯಿ ಅಂದೆ. "ನಾನು ದಿನಾ ಎರಡು ಸಲ ಬರ್ತೀನಲ್ಲ, ಅದೇನು ಕಳ್ಳತನಾನಾ?" ಎಂದು ಅವನು ಆಗಲೇ ಕೇಳಿದ್ದ. ಸುಮ್ಮನೆ ಹೇಳಿದ್ದು ಕೇಳು ಅಂದಿದ್ದೆ. ಆ ವಾರದಲ್ಲಿ ಎರಡು ದಿನ ಸಂಜೆಯ ಹಾಲು ಒಡೆದುಹೋಗಿ ಚೆಲ್ಲಿದೆವು.

ನೀನು ಸೇರಿಸಬೇಕಾದ್ದನ್ನು ಸೇರಿಸಲಿಲ್ಲ. ಅದಕ್ಕೂ ಮುಂಚೆ ನಾನು ಕಳೆದಾಗಿತ್ತು. ನಮ್ಮ ರಸ್ತೆಗೆ ಆ ನೂರ ಎಂಬತ್ತಾರೂ ಕಮ್ಮಿಯೇ. ದಿನಾ ಓಡಾಡುವಷ್ಟೇ ಓಡಾಡಿದ್ದರೂ ನಿನ್ನ ಆರನೇ ಕಲಂ ಇಲ್ಲದೆಯೇ ನಾವು ಕೆಂಪು ಗೆರೆಯ ಮೇಲೆ ಇರುತ್ತಿದ್ದೆವು. ಇದು ಏಪ್ರಿಲಿನಲ್ಲೇ ನನಗೆ ಗೊತ್ತಿತ್ತು. ಪಂಚಾಯಿತಿ ಬಾಗಿಲಲ್ಲಿ ಕನ್ನಡಕ ಒರೆಸಿಕೊಂಡಾಗಲೇ ಗೊತ್ತಿತ್ತು. ಕೋಳಿ ಫಾರಂ ಯಜಮಾನನ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದಕ್ಕೇ.

ಸಿಳ್ಳೆಯ ಮನೆಗೆ ಹೋದದ್ದು ನಿನ್ನ ತಪ್ಪನ್ನು ಮಾತ್ರ ಹೇಳಿ ಎದ್ದು ಬರೋಣ ಎಂದೇ. ನೀನು ದೂರದಲ್ಲಿದ್ದೀಯ, ನಿನ್ನ ಮೇಲೆ ಹಾಕಿದರೆ ಇಲ್ಲಿ ನಾನು ತಲೆ ಎತ್ತಿಕೊಂಡು ಓಡಾಡಬಹುದು ಅನ್ನಿಸಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ನಡೆದದ್ದು ಹಾಗೆ.

ಅವನು ಹಾಗೆ ಕೇಳಿದ ಮೇಲೆ "ನಂದೇ ತಪ್ಪು" ಅಂದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು, ಒಳಗೆ ಹೋದಳು. ಆಮೇಲೆ ಅವನು ಹೇಳಿದ. ಜೋರಾಗಿಯೇ ಹೇಳಿದ, ನನ್ನ ಕಿವಿ ಅವನಿಗೆ ಗೊತ್ತಲ್ಲ:

"ಅಣ್ಣಂಗೆ ತಂಗಿ ಮರ್ಯಾದೆ ಉಳೀಬೇಕಿತ್ತು, ತಂಗಿಗೆ ತನ್ನ ಮರ್ಯಾದೆ ಉಳೀಬೇಕಿತ್ತು. ಇಬ್ಬರದ್ದೂ ಉಳೀತು. ಕಾಲು ಮಾತ್ರ ನಂದು."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಹವಾಮಾನದ ವಿಷಯ ಹೇಳುವವನ ಹಾಗೆ ಹೇಳಿದ.

ನೀನು ಕಳಿಸಿದ ಪ್ರತಿಯನ್ನು ತೋರಿಸಿದೆ, ಮುಂದಿನ ವರ್ಷ ರಸ್ತೆ ಆಗುತ್ತದೆ ಎಂದೆ. "ಆಗಲಿ, ಬೇರೆಯವರು ಓಡಿಸ್ತಾರೆ" ಅಂದ. ನಿನ್ನ ವಿಷಯ ಕೇಳಿದ. ಅವಳು ನಿನಗೆ ಬರೆಯಬೇಕೆಂದಿದ್ದಾಳೆ ಅಂದೆ. "ನನಗೆ ಕಾಗದ ಬೇಡ" ಅಂದ. ಅಷ್ಟೇ ಅಂದದ್ದು. ಬಾ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ.

ಪಂಚಾಯಿತಿಯವರಿಗೆ ನಿನ್ನ ಪ್ರತಿ ಕೊಟ್ಟು, ಕೋಳಿ ಫಾರಂ ಯಜಮಾನನ ಎದುರಿಗೇ ನನ್ನ ತಪ್ಪನ್ನೂ ಒಪ್ಪಿಕೊಂಡೆ. ಅವನು ನಗುತ್ತಾನೆ ಅಂದುಕೊಂಡಿದ್ದೆ. ಕೂರಲು ಬೆಂಚಿನಲ್ಲಿ ಜಾಗ ಬಿಟ್ಟ. ನಕ್ಕಿದ್ದರೆ ಚೆನ್ನಾಗಿತ್ತು.

ಇನ್ನು ಮೇಲೆ ಏನೂ ಕಳಿಸಬೇಡ. ಈ ಕಾಗದಕ್ಕೆ ಉತ್ತರವನ್ನೂ ಬರೆಯಬೇಡ. ನೀನೇ ಬಾ. ಭಾನುವಾರ ಮೊದಲ ಬಸ್ಸಿಗೆ ಬಂದರೆ ಮುಖ್ಯರಸ್ತೆಯಿಂದ ಇಬ್ಬರೂ ನಡೆದೇ ಹೋಗೋಣ, ಟ್ರಾಕ್ಟರ್ ತರುವುದಿಲ್ಲ. ಸಿಳ್ಳೆಯ ಅಂಗಳದಲ್ಲಿ ಇರುವುದು ಎರಡೇ ಕುರ್ಚಿ. ಒಂದರಲ್ಲಿ ಅವನು ಕೂರುತ್ತಾನೆ. ಇನ್ನೊಂದು ಖಾಲಿ ಇದ್ದರೂ ನಾವಿಬ್ಬರೂ ನಿಂತೇ ಮಾತಾಡೋಣ.

ಅಣ್ಣ